ಯಳಂದೂರಿಗೆ ಎರಡು, ಕೊಳ್ಳೇಗಾಲಕ್ಕೆ ಮೂರು, ಹನೂರಿಗೆ ನಾಲ್ಕು

571439, 571440, 571441. ಹನೂರು, ಕೊಳ್ಳೇಗಾಲ, ಯಳಂದೂರು. ಚಾಮರಾಜನಗರ ಜಿಲ್ಲೆಯ ಮೂರು ನೆರೆಹೊರೆಯ ಊರುಗಳ ಪಿನ್ ಕೋಡುಗಳು ಇವು. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಲಗ್ನಪತ್ರಿಕೆಯ ಕೊನೆಯ ಸಾಲಿನಲ್ಲಿ, ಶಾಲೆಯ ಮಕ್ಕಳ ವರ್ಗಾವಣೆ ಪತ್ರದಲ್ಲಿ ದಿನವೂ ಎಷ್ಟು ಕೈಗಳು ಈ ಅಂಕಿಗಳನ್ನು ಬರೆಯುತ್ತವೆಯೋ! ಬರೆದು ಮರೆಯುತ್ತವೆ. ಅಂಚೆಯವರಿಗೆ ಬೇಕಾದ ಗುರುತು ಅಷ್ಟೇ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ಲು ಹಿಡಿದು ಈ ಮೂರನ್ನು ಬಿಡಿಸುತ್ತ ಕೂತರೆ ಮೈ ಜುಮ್ಮೆನ್ನುವಂಥ ಸಂಗತಿಗಳು ಒಂದರ ಹಿಂದೆ ಒಂದು ಎದ್ದು ಬರುತ್ತವೆ.

ಮೊದಲನೆಯದನ್ನು ಈಗಲೇ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ಯಳಂದೂರಿನಲ್ಲಿ ಬಸ್ಸು ಹತ್ತಿ ಪೂರ್ವಕ್ಕೆ ಹೊರಡಿ. ಕೊಳ್ಳೇಗಾಲ ಸಿಗುತ್ತದೆ. ಇನ್ನೂ ಪೂರ್ವಕ್ಕೆ ಹೋದರೆ ಹನೂರು. ಅಲ್ಲಿಂದ ಮುಂದೆ ಮಾದಪ್ಪನ ಬೆಟ್ಟದ ದಾರಿ. ಈ ದಾರಿಯುದ್ದಕ್ಕೂ ಪಿನ್ ಕೋಡು ಒಂದೊಂದೇ ಇಳಿಯುತ್ತದೆ: 571441, 571440, 571439. ಆ ಸಂಖ್ಯೆಯನ್ನು ಕಟ್ಟಲು ಬೇಕಾಗುವ ವರ್ಗಸಂಖ್ಯೆಗಳೋ ಒಂದೊಂದೇ ಏರುತ್ತವೆ. ಯಳಂದೂರಿಗೆ ಎರಡು ಸಾಕು. ಕೊಳ್ಳೇಗಾಲಕ್ಕೆ ಮೂರು ಬೇಕೇ ಬೇಕು. ಹನೂರಿಗೆ ಮೂರೂ ಸಾಲದು, ನಾಲ್ಕೇ ಬೇಕು!

ವರ್ಗಸಂಖ್ಯೆ ಎಂದರೆ ಗೊತ್ತಲ್ಲ: 1, 4, 9, 16, 25, ಹೀಗೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವವು. ಯಾವ ಪೂರ್ಣಸಂಖ್ಯೆಯನ್ನು ಬೇಕಾದರೂ ಇಂಥ ವರ್ಗಗಳನ್ನು ಕೂಡಿಸಿ ಪಡೆಯಬಹುದು, ಅದಕ್ಕೆ ನಾಲ್ಕಕ್ಕಿಂತ ಹೆಚ್ಚು ವರ್ಗಗಳು ಎಂದೂ ಬೇಕಾಗುವುದಿಲ್ಲ. ಇದನ್ನು 1770ರಲ್ಲಿ ಗಣಿತಜ್ಞ ಲಗ್ರಾಂಜ್ ಸಾಧಿಸಿ ತೋರಿಸಿದ. ಕೋಟಿ ಇರಲಿ, ಕೋಟಿ ಕೋಟಿ ಇರಲಿ, ನಾಲ್ಕು ಸಾಕು. ಹಾಗಾಗಿ ಲೋಕದ ಸಂಖ್ಯೆಗಳೆಲ್ಲ ನಾಲ್ಕು ಕುಲಗಳಾಗಿ ಒಡೆಯುತ್ತವೆ: ತಾನೇ ವರ್ಗವಾಗಿರುವವು, ಎರಡು ವರ್ಗ ಬೇಡುವವು, ಮೂರು ಬೇಡುವವು, ನಾಲ್ಕು ಬೇಡುವವು. ನಮ್ಮ ಮೂರು ಊರುಗಳು ಒಂದೇ ದಾರಿಯ ಮೇಲೆ, ಒಂದೇ ಸಾಲಿನಲ್ಲಿ, ಮೂರು ಬೇರೆ ಬೇರೆ ಕುಲಕ್ಕೆ ಸೇರಿ ನಿಂತಿವೆ, ಅದೂ ಅನುಕ್ರಮವಾಗಿ.

ಇಗೋ ಲೆಕ್ಕ, ನೀವೇ ಪರೀಕ್ಷಿಸಿಕೊಳ್ಳಿ. ಯಳಂದೂರು: 200ರ ವರ್ಗ 40,000, 729ರ ವರ್ಗ 5,31,441. ಕೂಡಿಸಿದರೆ 5,71,441. ಕೊಳ್ಳೇಗಾಲ: 748ರ ವರ್ಗ 5,59,504, 100ರ ವರ್ಗ 10,000, 44ರ ವರ್ಗ 1,936. ಮೂರೂ ಸೇರಿ 5,71,440. ಹನೂರು: 755ರ ವರ್ಗ 5,70,025, 37ರ ವರ್ಗ 1,369, 6ರ ವರ್ಗ 36, 3ರ ವರ್ಗ 9. ನಾಲ್ಕೂ ಸೇರಿ 5,71,439.

ಹನೂರಿಗೆ ಮೂರು ಸಾಲದು ಎಂದು ಹೇಗೆ ಗೊತ್ತು, ಎಲ್ಲ ಮೂರು ಮೂರು ವರ್ಗಗಳನ್ನೂ ಕೂಡಿಸಿ ನೋಡಿದಿರಾ ಎಂದು ಯಾರಾದರೂ ಕೇಳಬಹುದು. ಕೇಳಬೇಕು. ಉತ್ತರ ಇಷ್ಟು ಚಿಕ್ಕದು, ಇಷ್ಟು ಚೆಲುವಾದದ್ದು ಎಂದರೆ ಪ್ರೌಢಶಾಲೆಯ ಹುಡುಗಿಯೊಬ್ಬಳು ನೋಟುಪುಸ್ತಕದ ಅರ್ಧ ಪುಟದಲ್ಲಿ ಬರೆದು ಮುಗಿಸಬಹುದು. ಯಾವುದೇ ಬೆಸಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿ: 1, 9, 25, 49, 81. ಪ್ರತಿಸಲವೂ ಶೇಷ 1. ಸಮಸಂಖ್ಯೆಯ ವರ್ಗವನ್ನು ಭಾಗಿಸಿ: 4, 16, 36, 64. ಶೇಷ 4 ಇಲ್ಲವೇ 0. ಅಂದರೆ ಲೋಕದ ಯಾವ ವರ್ಗಕ್ಕೂ 8ರ ಮುಂದೆ ಇರುವುದು ಮೂರೇ ಮುಖ: 0, 1, 4. ಇವುಗಳಲ್ಲಿ ಯಾವ ಮೂರನ್ನು ಬೇಕಾದರೂ ಕೂಡಿಸಿ, 7 ಬರುವುದಿಲ್ಲ. 4, 1, 1 ಸೇರಿದರೆ 6ಕ್ಕೆ ನಿಲ್ಲುತ್ತದೆ. 4, 4, 1 ಸೇರಿದರೆ 9 ಆಗಿ ಶೇಷ ಮತ್ತೆ 1ಕ್ಕೆ ಬರುತ್ತದೆ. 7 ಬರಬೇಕಾದರೆ 4, 1, 1, 1 ಎಂದು ನಾಲ್ಕು ಬೇಕು. ಈಗ ಹನೂರಿನ ಸಂಖ್ಯೆ ನೋಡಿ. ಸಾವಿರವು 8ರಿಂದ ಪೂರ್ತಿ ಭಾಗವಾಗುವುದರಿಂದ ಕೊನೆಯ ಮೂರು ಅಂಕಿಗಳನ್ನು ನೋಡಿದರೆ ಸಾಕು: 439. ಎಂಟೈವತ್ನಾಲ್ಕು 432, ಶೇಷ 7. ಮುಗಿಯಿತು! ಕೋಟಿ ಸಲ ಹುಡುಕಿದರೂ ಹನೂರಿಗೆ ಮೂರು ವರ್ಗಗಳು ಸಿಗುವುದಿಲ್ಲ ಎನ್ನುವುದು ಒಂದು ಭಾಗಾಕಾರದಲ್ಲಿ ತೀರ್ಮಾನವಾಯಿತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲಜಾಂಡ್ರ್ ಇದನ್ನು ಪೂರ್ಣಗೊಳಿಸಿದ: 8ರಿಂದ ಭಾಗಿಸಿದಾಗ 7 ಉಳಿಯುವ ಸಂಖ್ಯೆಗಳು, ಅಂಥವನ್ನು 4ರಿಂದ ಮತ್ತೆ ಮತ್ತೆ ಗುಣಿಸಿದಾಗ ಬರುವ ಸಂಖ್ಯೆಗಳು, ಇವಿಷ್ಟೇ ನಾಲ್ಕು ವರ್ಗ ಬೇಡುವವು. ಮಿಕ್ಕ ಎಲ್ಲಕ್ಕೂ ಮೂರರೊಳಗೆ ಕೆಲಸ ಆಗುತ್ತದೆ.

ಕೊಳ್ಳೇಗಾಲಕ್ಕೆ ಎರಡು ಸಾಲದು ಎನ್ನುವುದು ಇನ್ನೂ ಸುಲಭ. 571440ರ ಅಂಕಿಗಳನ್ನು ಕೂಡಿಸಿ: 21. ಆದ್ದರಿಂದ ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ, 2 ಎಂದೂ ಬರದು. ಹಾಗಾಗಿ ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡೂ ವರ್ಗಗಳು 3ರಿಂದ ಭಾಗವಾಗಬೇಕು. ವರ್ಗವೊಂದು 3ರಿಂದ ಭಾಗವಾದರೆ 9ರಿಂದಲೂ ಆಗುತ್ತದೆ. ಆಗ ಮೊತ್ತವೂ 9ರಿಂದ ಭಾಗವಾಗಬೇಕಿತ್ತು. ಕೊಳ್ಳೇಗಾಲ ಆಗುವುದಿಲ್ಲ. ಎರಡು ಸಾಲದು.

ಎರಡು, ಮೂರು, ನಾಲ್ಕರ ಈ ಸಾಲು ಸಂಖ್ಯಾಲೋಕದಲ್ಲಿ ಇದೊಂದೇ ಕಡೆ ಇದೆ ಎಂದು ನಾನು ಹೇಳುತ್ತಿಲ್ಲ. ಮೊದಲ ಸಲ ಅದು 87, 88, 89ರಲ್ಲಿ ಕಾಣಿಸುತ್ತದೆ. ಆಮೇಲೆ ಬೇಕಾದಷ್ಟು ಸಲ ಬರುತ್ತದೆ. ಆದರೆ ಆರು ಅಂಕಿಗಳ ಊರಿನ ಗುರುತಾಗಿ, ಒಂದೇ ದಾರಿಯ ಮೂರು ಊರುಗಳಿಗೆ, ದಾರಿಯ ಕ್ರಮದಲ್ಲೇ ಬಂದು ಕೂತಿದೆಯಲ್ಲ, ಅದಕ್ಕೆ ಬೆರಗಾಗದೆ ಇರುವುದು ಹೇಗೆ?

ಇನ್ನು ಯಳಂದೂರಿಗೆ ಬರೋಣ. ನನ್ನ ಲೆಕ್ಕದಲ್ಲಿ ಮೂರರಲ್ಲಿ ರತ್ನ ಇದೇ. 200ರ ವರ್ಗ ಮತ್ತು 729ರ ವರ್ಗ ಎಂದೆನಲ್ಲ, ಆ 729 ಯಾವುದು? 27ರ ವರ್ಗ. ಅಂದರೆ 729ರ ವರ್ಗ ಎಂದರೆ 27ನ್ನು ನಾಲ್ಕು ಸಲ ಇಟ್ಟು ಗುಣಿಸಿದ್ದು. ಇನ್ನೂ ಒಳಗೆ ಹೋದರೆ 3ನ್ನು ಹನ್ನೆರಡು ಸಲ ಇಟ್ಟು ಗುಣಿಸಿದ್ದು. ಬರೀ ಮೂರುಗಳಿಂದ ಕಟ್ಟಿದ ಗೋಪುರಕ್ಕೆ 200ರ ವರ್ಗ ಸೇರಿದರೆ ಯಳಂದೂರು! ಇಷ್ಟಕ್ಕೇ ಕುಣಿಯುವಂತಾಗುತ್ತದೆ, ಆದರೆ ಇದು ಒಂದೇ ದಾರಿಯಲ್ಲ. 540ರ ವರ್ಗ 2,91,600, 529ರ ವರ್ಗ 2,79,841. ಕೂಡಿಸಿ, ಮತ್ತೆ 5,71,441. ಆ 529 ಯಾವುದು? 23ರ ವರ್ಗ! ಹಾಗಾದರೆ 27ರ ನಾಲ್ಕನೇ ಘಾತಕ್ಕೆ 200ರ ವರ್ಗ ಸೇರಿಸಿದರೂ ಯಳಂದೂರು, 23ರ ನಾಲ್ಕನೇ ಘಾತಕ್ಕೆ 540ರ ವರ್ಗ ಸೇರಿಸಿದರೂ ಯಳಂದೂರು. 1729 ಎಂಬ ಟ್ಯಾಕ್ಸಿ ನಂಬರನ್ನು ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದು ಎಂದು ಆಸ್ಪತ್ರೆಯ ಹಾಸಿಗೆಯ ಮೇಲಿಂದ ರಾಮಾನುಜನ್ ಇಂಗ್ಲಿಷ್ ಗಣಿತಜ್ಞ ಹಾರ್ಡಿಗೆ ಹೇಳಿದ್ದು ನೆನಪಾಗುವುದಿಲ್ಲವೇ?

ಇದು ಹೇಗೆ ಆಯಿತು ಎಂದು ಕೆದಕಿದರೆ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. 729ರಲ್ಲಿ 200 ಕಳೆಯಿರಿ: 529. ನೋಡಿದಿರಾ, ಎರಡನೇ ಜೋಡಿ ಮೊದಲನೆಯದರ ಹೊಟ್ಟೆಯಲ್ಲೇ ಇತ್ತು! 200 ಮತ್ತು 729ನ್ನು ಗುಣಿಸಿ ಎರಡರಷ್ಟು ಮಾಡಿದರೆ 2,91,600, ಅದು 540ರ ವರ್ಗವೇ. ಎರಡು ವರ್ಗಗಳ ಮೊತ್ತ ಎಂದರೆ ವ್ಯತ್ಯಾಸದ ವರ್ಗ ಮತ್ತು ಗುಣಲಬ್ಧದ ಎರಡರಷ್ಟು ಎಂದು ಬೀಜಗಣಿತದ ಮೊದಲ ಪಾಠದಲ್ಲಿ ಕಲಿತದ್ದೇ ಇಲ್ಲಿ ಕೆಲಸ ಮಾಡಿದೆ. ಇದೆಲ್ಲದರ ಬೇರು ಒಂದು ಪುಟ್ಟ ಲೆಕ್ಕದಲ್ಲಿದೆ: 27ರ ವರ್ಗದಲ್ಲಿ 23ರ ವರ್ಗ ಕಳೆದರೆ 200, ಆ 200ರ ಎರಡರಷ್ಟು 400, ಅದು 20ರ ವರ್ಗ. ಈ ಎರಡು ಸಣ್ಣ ಆಕಸ್ಮಿಕಗಳು ಕೈ ಹಿಡಿದುಕೊಂಡು ಬಂದು ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಊರಿನ ಅಂಚೆ ವಿಳಾಸದಲ್ಲಿ ಸೇರಿವೆ.

ಇನ್ನೂ ಎರಡು ಜೋಡಿಗಳಿವೆ: 295 ಮತ್ತು 696, 465 ಮತ್ತು 596. ಇವುಗಳ ವರ್ಗಗಳನ್ನು ಕೂಡಿಸಿದರೂ ಅದೇ 5,71,441. ಒಟ್ಟು ನಾಲ್ಕು ದಾರಿ, ಐದನೆಯದಿಲ್ಲ. ನಾಲ್ಕೇ ಏಕೆ? ಅದಕ್ಕೆ ಸಂಖ್ಯೆಯನ್ನು ಅದರ ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು. 571441 ಎಂದರೆ 13, 113, 389, ಈ ಮೂರು ಅವಿಭಾಜ್ಯಗಳ ಗುಣಲಬ್ಧ. ಮೂರನ್ನೂ 4ರಿಂದ ಭಾಗಿಸಿ ನೋಡಿ, ಮೂರಕ್ಕೂ ಶೇಷ 1! 1640ರ ಡಿಸೆಂಬರ್ 25ರಂದು ಫ್ರೆಂಚ್ ಗಣಿತಜ್ಞ ಫರ್ಮಾ ತನ್ನ ಸ್ನೇಹಿತ ಮೆರ್ಸೆನ್‌ಗೆ ಒಂದು ಪತ್ರ ಬರೆದ: 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಗಳೆಲ್ಲ ಎರಡು ವರ್ಗಗಳ ಮೊತ್ತ, ಅದೂ ಒಂದೇ ರೀತಿಯಲ್ಲಿ. ನೂರು ವರ್ಷಗಳ ಮೇಲೆ ಆಯ್ಲರ್ ಅದನ್ನು ಸಾಧಿಸಿದ. ನಮ್ಮ 13 ಎಂದರೆ 3 ಮತ್ತು 2ರ ವರ್ಗಗಳು, 113 ಎಂದರೆ 8 ಮತ್ತು 7ರ ವರ್ಗಗಳು, 389 ಎಂದರೆ 17 ಮತ್ತು 10ರ ವರ್ಗಗಳು. ಇವನ್ನು ಒಂದಕ್ಕೊಂದು ಹೆಣೆಯುವ ಉಪಾಯಕ್ಕೆ ಇಂದಿಗೂ ನಮ್ಮ ಬ್ರಹ್ಮಗುಪ್ತನ ಹೆಸರಿದೆ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದವನು ಅವನು. 3ನ್ನು 8ರಿಂದ, 2ನ್ನು 7ರಿಂದ ಗುಣಿಸಿ ಕೂಡಿಸಿದರೆ 38. 3ನ್ನು 7ರಿಂದ, 2ನ್ನು 8ರಿಂದ ಗುಣಿಸಿ ಕಳೆದರೆ 5. ಈ 38 ಮತ್ತು 5ರ ವರ್ಗಗಳ ಮೊತ್ತ 1469, ಅಂದರೆ 13ನ್ನು 113ರಿಂದ ಗುಣಿಸಿದ್ದು. ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿದರೆ 10 ಮತ್ತು 37 ಬರುತ್ತವೆ, ಅವುಗಳ ವರ್ಗಗಳ ಮೊತ್ತವೂ 1469. ಒಂದು ಹೆಣಿಗೆಗೆ ಎರಡು ದಾರಿ. 389ರ ಜೊತೆ ಇನ್ನೊಮ್ಮೆ ಹೆಣೆದರೆ ಎರಡೆರಡಲೇ ನಾಲ್ಕು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕೆಂದಿರುವ ಮಾತಿಗೆ ಬಂದೆ. ಇದು ಅಪ್ಪಟ ಕನ್ನಡ ನಾಡಿನದು.

ಒಂಬತ್ತನೇ ಶತಮಾನದಲ್ಲಿ ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಜೈನ ಗಣಿತಜ್ಞ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಒಂದು, ಹತ್ತು, ನೂರರಿಂದ ಹಿಡಿದು ಇಪ್ಪತ್ತನಾಲ್ಕು ಸ್ಥಾನಗಳವರೆಗೆ ಸಂಖ್ಯೆಗಳಿಗೆ ಹೆಸರು ಕೊಟ್ಟ ಗ್ರಂಥ ಅದು. ಅದರಲ್ಲಿ ಅವನು ಒಂದು ಪ್ರಶ್ನೆ ಎತ್ತುತ್ತಾನೆ: ಆಯತವೊಂದರ ಕರ್ಣ ಇಷ್ಟು ಎಂದು ಮೊದಲೇ ಗೊತ್ತಿದ್ದರೆ, ಬಾಹುಗಳು ಪೂರ್ಣಸಂಖ್ಯೆಗಳಾಗಿರುವ ಆಯತಗಳು ಯಾವುವು? ಕರ್ಣ 65 ಎಂದು ಇಟ್ಟುಕೊಂಡು ಅವನು ನಾಲ್ಕು ಆಯತಗಳನ್ನು ಕಂಡುಹಿಡಿದ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ನಾಲ್ಕಕ್ಕೂ ಕರ್ಣ 65. ಯೂರೋಪಿನಲ್ಲಿ ಫಿಬೊನಾಚಿ ಇಂಥ ಲೆಕ್ಕಕ್ಕೆ ಕೈ ಹಾಕುವುದಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು ಇದು. ಮಹಾವೀರಾಚಾರ್ಯ 65ನ್ನು ಆರಿಸಿದ್ದರ ಸೊಗಸು ನೋಡಿ: 65 ಎಂದರೆ 5 ಮತ್ತು 13ರ ಗುಣಲಬ್ಧ. ಎರಡಕ್ಕೂ 4ರಿಂದ ಭಾಗಿಸಿದಾಗ ಶೇಷ 1!

ಮಹಾವೀರಾಚಾರ್ಯನ ಪ್ರಶ್ನೆಯನ್ನು ಯಳಂದೂರಿಗೆ ಕೇಳೋಣ. ಕರ್ಣ 571441 ಆದರೆ ಆಯತಗಳು ಎಷ್ಟು? ಹದಿಮೂರು! ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನವೂ 13. ಹದಿಮೂರರಲ್ಲಿ ಒಂಬತ್ತು ಸಣ್ಣ ಆಯತಗಳನ್ನು ಹಿಗ್ಗಿಸಿ ಪಡೆದವು. ಮಿಕ್ಕ ನಾಲ್ಕು ಯಾವುದರ ಹಿಗ್ಗಿಸಿದ ರೂಪವೂ ಅಲ್ಲ, ಯಳಂದೂರಿನ ಸ್ವಂತ ಆಸ್ತಿ. ನಾವು ಕಂಡ ನಾಲ್ಕು ಜೋಡಿಗಳೇ ಅವಕ್ಕೆ ಬೀಜಗಳು. ಮಹಾವೀರಾಚಾರ್ಯ ಕೂಡ ಆಯತ ಹುಟ್ಟಿಸುವ ಸಂಖ್ಯೆಗಳನ್ನು ಬೀಜ ಎಂದೇ ಕರೆದ. ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು. 200 ಮತ್ತು 729 ಬಿತ್ತಿದರೆ 4,91,441 ಮತ್ತು 2,91,600. 295 ಮತ್ತು 696 ಬಿತ್ತಿದರೆ 3,97,391 ಮತ್ತು 4,10,640. 465 ಮತ್ತು 596ಕ್ಕೆ 1,38,991 ಮತ್ತು 5,54,280. 529 ಮತ್ತು 540ಕ್ಕೆ ಬರುವುದು ಬಲು ತೆಳ್ಳನೆಯ ಆಯತ: 11,759 ಮತ್ತು 5,71,320. ಅದರ ಕರ್ಣ ಉದ್ದ ಬಾಹುವಿಗಿಂತ ಹೆಚ್ಚಿರುವುದು ಬರೀ 121, ಅದೂ 11ರ ವರ್ಗ. ನೃಪತುಂಗನ ಕಾಲದಲ್ಲಿ ಕೇಳಿದ ಪ್ರಶ್ನೆಗೆ ಯಳಂದೂರಿನ ಅಂಚೆ ಕಚೇರಿ ಹನ್ನೆರಡು ಶತಮಾನಗಳ ಮೇಲೆ ಇಷ್ಟು ತುಂಬಿದ ಉತ್ತರ ಕೊಡುತ್ತಿದೆ! ಕವಯಿತ್ರಿ ಸಂಚಿಯ ಹೊನ್ನಮ್ಮ ಹುಟ್ಟಿದ ಊರು ಅದು. ಲೆಕ್ಕಪತ್ರದಲ್ಲಿ ಪಳಗಿದ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರೂ ಅದೇ. ಅದಕ್ಕೆ ಒಪ್ಪುವ ಸಂಖ್ಯೆಯೇ ಸಿಕ್ಕಿದೆ.

ಇಷ್ಟಕ್ಕೆ ನಿಲ್ಲುತ್ತದೆಯೇ ಎಂದರೆ, ಇಲ್ಲ. ಹನೂರಿನ ಸಂಖ್ಯೆಯನ್ನು ಒಡೆಯೋಣ. ಎಪ್ಪತ್ತೇಳು ಮಲೆಗಳ ಒಡೆಯ ಮಾದಪ್ಪನ ನಾಡು, 7 ಮತ್ತು 11 ಎರಡೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ಯಾರಿಗಾದರೂ ಆಗುತ್ತದೆ. 7 ಸಿಗುವುದಿಲ್ಲ, ಒಂದೇ ಒಂದು ಶೇಷ ಉಳಿದುಬಿಡುತ್ತದೆ. 11 ಸಿಗುತ್ತದೆ: 571439 ಎಂದರೆ 11 ಮತ್ತು 51,949ರ ಗುಣಲಬ್ಧ. ಆ 51,949 ಅವಿಭಾಜ್ಯ, ಮುಂದೆ ಒಡೆಯದು. ಸರಿ, ಹನೂರು 11ರಿಂದ ಭಾಗವಾಗುತ್ತದೆ, ಯಳಂದೂರು 13ರಿಂದ ಭಾಗವಾಗುತ್ತದೆ. ನಡುವೆ ಇರುವ ಕೊಳ್ಳೇಗಾಲ? 571440ನ್ನು 12ರಿಂದ ಭಾಗಿಸಿ: 47,620. ಶೇಷವಿಲ್ಲ! ಹನ್ನೊಂದು, ಹನ್ನೆರಡು, ಹದಿಮೂರು. ಸಾಲಾಗಿ!

ಹಾಗಾದರೆ ಹನೂರಿನಿಂದ 11 ಹಿಂದಕ್ಕೆ, ಕೊಳ್ಳೇಗಾಲದಿಂದ 12 ಹಿಂದಕ್ಕೆ, ಯಳಂದೂರಿನಿಂದ 13 ಹಿಂದಕ್ಕೆ ನಡೆದರೆ ಮೂರೂ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಆ ಸಂಖ್ಯೆ 571428. ಗುರುತು ಸಿಕ್ಕಿತೇ? ಮದ್ದೂರಿನ ಪಿನ್ ಕೋಡು! ಗಣಿತ ಬಲ್ಲವರಿಗೆ ಅದು ಇನ್ನೂ ಹಳೆಯ ಪರಿಚಯ. 1ನ್ನು 7ರಿಂದ ಭಾಗಿಸಿದರೆ ದಶಮಾಂಶದಲ್ಲಿ 142857 ಎಂಬ ಆರು ಅಂಕಿಗಳು ಕೊನೆಯಿಲ್ಲದೆ ತಿರುಗುತ್ತವೆ. ಈ ಸಂಖ್ಯೆಯನ್ನು 2, 3, 4, 5, 6 ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು ಅದೇ ಸರದಿಯಲ್ಲಿ ಜಾಗ ಮಾತ್ರ ಬದಲಿಸಿ ಬರುತ್ತವೆ: 285714, 428571, 571428, 714285, 857142. ನಾಲ್ಕರಿಂದ ಗುಣಿಸಿದ್ದು ಮದ್ದೂರು. ಏಳರಿಂದ ಗುಣಿಸಿದರೆ ಆಟ ಮುಗಿದು 999999. ಈ ಆರು ಒಂಬತ್ತುಗಳನ್ನು ಒಡೆದರೆ ಒಳಗೆ 27, 37, 7, 11, 13 ಇವೆ. ಆದ್ದರಿಂದಲೇ ಮದ್ದೂರಿನ ಸಂಖ್ಯೆಯಲ್ಲಿ 11 ಇದೆ, 13 ಇದೆ, ನಾಲ್ಕರಿಂದ ಗುಣಿಸಿದ್ದರಿಂದ 12 ಕೂಡ ಇದೆ. ಅಲ್ಲಿಂದ 11 ಹೆಜ್ಜೆ ಮುಂದಿನದು 11ರಿಂದ, 12 ಹೆಜ್ಜೆ ಮುಂದಿನದು 12ರಿಂದ, 13 ಹೆಜ್ಜೆ ಮುಂದಿನದು 13ರಿಂದ ಭಾಗವಾಗಲೇಬೇಕು. ಮಹಾವೀರಾಚಾರ್ಯನಿಗೆ ಈ ಅಂಕಿಗಳೂ ಪ್ರಿಯವಾಗಿದ್ದವು. ಗುಣಿಸಿದಾಗ ಮುತ್ತಿನ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳಿಗೆ ಅವನು ಕಂಠಾಭರಣ ಎಂದು ಹೆಸರಿಟ್ಟ. ಅವುಗಳಲ್ಲಿ ಒಂದು 142857143ನ್ನು 7ರಿಂದ ಗುಣಿಸುವುದು. ಮಾಡಿ ನೋಡಿ, 1000000001 ಬರುತ್ತದೆ.

ಕೊಳ್ಳೇಗಾಲವನ್ನು ಪೂರ್ತಿ ಒಡೆದರೆ ಅದರದು ಬೇರೆಯೇ ಸ್ವಭಾವ. 2 ನಾಲ್ಕು ಸಲ, 3 ಒಂದು ಸಲ, 5 ಒಂದು ಸಲ, ಕೊನೆಗೆ 2381. ಹನೂರಿಗೆ ನಾಲ್ಕು ಭಾಜಕಗಳು, ಯಳಂದೂರಿಗೆ ಎಂಟು, ಕೊಳ್ಳೇಗಾಲಕ್ಕೆ ನಲವತ್ತು! ಸುಮಾರು 1,900 ವರ್ಷಗಳ ಹಿಂದೆ ಗ್ರೀಕ್ ಪಂಡಿತ ನಿಕೊಮಾಕಸ್ ಸಂಖ್ಯೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದಾಗ ಸಂಖ್ಯೆಗಿಂತ ಕಡಿಮೆ ಬಂದರೆ ಕೊರತೆಯದು, ಸಮ ಬಂದರೆ ಪರಿಪೂರ್ಣ, ಮೀರಿದರೆ ಸಮೃದ್ಧ. 6 ಪರಿಪೂರ್ಣ, 28 ಪರಿಪೂರ್ಣ. ಹನೂರಿನ ಭಾಜಕಗಳ ಮೊತ್ತ 51,961, ಯಳಂದೂರಿನದು 50,999. ಎರಡೂ ಕೊರತೆಯವು. ಕೊಳ್ಳೇಗಾಲದ್ದು 12,00,768. ತನ್ನ ಎರಡರಷ್ಟನ್ನೂ ದಾಟಿದ ಸಮೃದ್ಧಿ! ರೇಷ್ಮೆಯ ಪೇಟೆಗೆ ತಕ್ಕ ಸಂಖ್ಯೆ.

ಇಷ್ಟೆಲ್ಲ ಯಾರಾದರೂ ಯೋಚಿಸಿ ಇಟ್ಟದ್ದೇ? ಖಂಡಿತ ಅಲ್ಲ. ಪಿನ್ ಕೋಡು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್ ಅದನ್ನು ರೂಪಿಸಿದರು; ಅವರು ಸಂಸ್ಕೃತ ಕವಿ ಕೂಡ. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ಮೊದಲ ಮೂರು ಅಂಕಿಗಳಿಂದ ಕಾಗದಗಳನ್ನು ವಿಂಗಡಿಸುವ ಜಿಲ್ಲೆ, ಕೊನೆಯ ಮೂರರಿಂದ ಬಟವಾಡೆಯ ಅಂಚೆ ಕಚೇರಿ ಗೊತ್ತಾಗುತ್ತದೆ. ಸುತ್ತಲಿನ ಸಾಲು ನೋಡಿ: ಮದ್ದೂರು 571428, ಮಳವಳ್ಳಿ 571430, ನಾಗಮಂಗಲ 571432, ಪಾಂಡವಪುರ 571434, ಶ್ರೀರಂಗಪಟ್ಟಣ 571438. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಕೂತಿವೆ. ಅಲ್ಲಿ ಆ ಸಾಲು ಮುಗಿದು ಮತ್ತೆ ಎಚ್‌ನಿಂದ ಹನೂರು, ಕೆಯಿಂದ ಕೊಳ್ಳೇಗಾಲ, ವೈಯಿಂದ ಯಳಂದೂರು. ಬರೀ ಅಕ್ಷರಗಳ ಸರದಿಯಲ್ಲಿ ಸಿಕ್ಕ ಸಂಖ್ಯೆಗಳಲ್ಲಿ ಲಗ್ರಾಂಜ್, ಫರ್ಮಾ, ಬ್ರಹ್ಮಗುಪ್ತ, ಮಹಾವೀರಾಚಾರ್ಯ ಎಲ್ಲರೂ ಬಂದು ಸೇರಿದ್ದಾರೆ. ಯಾರೂ ಯೋಜಿಸದೆ ಇದ್ದದ್ದರಿಂದಲೇ ನನಗೆ ಇದು ಇನ್ನಷ್ಟು ಅದ್ಭುತವಾಗಿ ಕಾಣುತ್ತದೆ.

ಇನ್ನೊಬ್ಬರನ್ನು ಬಿಟ್ಟರೆ ಈ ಲೇಖನ ಅಪೂರ್ಣ. ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಆಗ ಈರೋಡು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ತಾಲ್ಲೂಕೂ ಅದೇ ಜಿಲ್ಲೆಯಲ್ಲಿತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದ ಒಳಗೇ ಇತ್ತು. ಯಳಂದೂರು ಮಾತ್ರ ಗಡಿಯ ಈಚೆ, ಮೈಸೂರು ಸಂಸ್ಥಾನದಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಸಂಖ್ಯೆಗಳ ಆ ಮಹಾಮಿತ್ರ ಹುಟ್ಟಿದ್ದು ಕೊಳ್ಳೇಗಾಲದ ಜಿಲ್ಲೆಯಲ್ಲೇ! ಅವನು 1913ರ ಜನವರಿ 16ರಂದು ಹಾರ್ಡಿಗೆ ಬರೆದ ಮೊದಲ ಪತ್ರದಲ್ಲೇ ಎರಡು ವರ್ಗಗಳ ಮೊತ್ತವಾಗುವ ಸಂಖ್ಯೆಗಳು ಎಷ್ಟಿರಬಹುದು ಎಂಬ ಅಂದಾಜಿತ್ತು. ಜರ್ಮನಿಯ ಲ್ಯಾಂಡೌ 1908ರಲ್ಲಿ ಅದನ್ನು ಸಾಧಿಸಿದ್ದ; ಮದರಾಸಿನ ಗುಮಾಸ್ತನಿಗೆ ಅದು ತಿಳಿದಿರಲಿಲ್ಲ, ತಾನಾಗಿಯೇ ಕಂಡುಕೊಂಡಿದ್ದ. ಸುಮಾರು 0.764 ಎಂಬ ಆ ಸ್ಥಿರಾಂಕ ಇಂದು ಇಬ್ಬರ ಹೆಸರಿನಲ್ಲೂ ಇದೆ. ಅದರ ಪ್ರಕಾರ ಐದೂವರೆ ಲಕ್ಷದ ಆಸುಪಾಸಿನಲ್ಲಿ ಐದು ಸಂಖ್ಯೆಗಳಲ್ಲಿ ಸರಿಸುಮಾರು ಒಂದಕ್ಕೆ ಮಾತ್ರ ಯಳಂದೂರಿನ ಭಾಗ್ಯ. ಹನೂರಿನ ನಾಲ್ಕು ವರ್ಗಗಳನ್ನೂ ಅವನು ಬಿಟ್ಟಿರಲಿಲ್ಲ. 1917ರ ಒಂದು ಲೇಖನದಲ್ಲಿ, ನಾಲ್ಕು ವರ್ಗಗಳನ್ನು ಬೇರೆ ಬೇರೆ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದಾಗ ಎಲ್ಲ ಪೂರ್ಣಸಂಖ್ಯೆಗಳೂ ಬರಬೇಕಾದರೆ ಆ ಗುಣಕಗಳು ಯಾವುವಿರಬೇಕು ಎಂದು ಹುಡುಕಿ 55 ಬಗೆಗಳನ್ನು ಪಟ್ಟಿ ಮಾಡಿದ. ಅವುಗಳಲ್ಲಿ ಒಂದರಿಂದ 15 ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು, ಉಳಿದ 54 ಇಂದಿಗೂ ನಿಂತಿವೆ.

ಈ ಮೂರು ತಾಲ್ಲೂಕುಗಳ ಗಣಿತದ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ವಿನಂತಿ. ನಿಮ್ಮ ಮಕ್ಕಳಿಗೆ ಅವರ ಊರಿನ ಪಿನ್ ಕೋಡನ್ನು ಕಪ್ಪುಹಲಗೆಯ ಮೇಲೆ ಬರೆದುಕೊಡಿ, ಒಡೆಯಲು ಹೇಳಿ. ಪುಸ್ತಕದ ಉದಾಹರಣೆಗಿಂತ ಅದು ಅವರಿಗೆ ಹತ್ತಿರದ್ದು. ಈ ಲೇಖನ ಓದಿದ ನೀವು ಯಾವ ಊರಿನವರೇ ಆಗಿರಿ, ನಿಮ್ಮ ಪಿನ್ ಕೋಡಿನ ಕೊನೆಯ ಮೂರು ಅಂಕಿಗಳನ್ನು ಈಗಲೇ 8ರಿಂದ ಭಾಗಿಸಿ. ಶೇಷ 7 ಬಂದರೆ ನೀವು ಹನೂರಿನವರ ಕುಲ, ನಾಲ್ಕು ವರ್ಗ ಹುಡುಕಲು ಕೂರಬೇಕು. ಶೇಷ 1, 2 ಅಥವಾ 5 ಬಂದರೆ ಎರಡೇ ವರ್ಗಗಳಲ್ಲಿ ಆಗುತ್ತದೆಯೇ ಎಂದು ಮೊದಲು ಪ್ರಯತ್ನಿಸಿ.